ಖಾಲಿಗೊಂದು ಭೇಷ್

ಹೆಂಡತಿ ಬೈಯುತ್ತಾಳೆ ಎಂದು ದೂರುವ ಗಂಡಸರನ್ನು ಕಂಡರೆ ಆ ವರ್ಷ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಡ್ಯಾನ್‌ವಿಲ್‌ನ ಗೆಳೆಯ ಆನಂದತೀರ್ಥ ಪ್ರತಿ ಶನಿವಾರ ಫೋನು ಮಾಡಿ, "ಜಗನ್ನಾಥ, ಬೆಳಿಗ್ಗೆ ಎದ್ದಾಗಿನಿಂದ ಮೂರು ಸಲ ಆಯ್ತಪ್ಪ, ಇನ್ನೂ ತಿಂಡಿ ಆಗಿಲ್ಲ" ಎಂದು ಗೋಳಾಡುತ್ತಿದ್ದ. ಪುಣ್ಯಾತ್ಮ! ತಿಂಡಿಗೆ ಮುಂಚೆ ಮೂರು ಸಲ! ನನ್ನ ಮನೆಯಲ್ಲಿ ಬೈಗುಳಕ್ಕೆ ಬರಗಾಲ ಬಂದು ವರ್ಷವಾಗುತ್ತಾ ಬಂದಿತ್ತು.

ನಾನು ಪ್ರಯತ್ನವೇ ಮಾಡಲಿಲ್ಲ ಎಂದು ತಿಳಿಯಬೇಡಿ. ಒದ್ದೆ ಟವಲ್ಲನ್ನು ಹಾಸಿಗೆಯ ಮೇಲೆ ಎಸೆದೆ. ಎಳೆ ಬದನೆಕಾಯಿ ತನ್ನಿ ಎಂದರೆ ಗ್ರೋಸರಿಯಿಂದ ಕೂಸಿನ ಗಾತ್ರದ ಅಮೆರಿಕನ್ ಬದನೆಕಾಯಿಯನ್ನು ಎತ್ತಿಕೊಂಡು ಬಂದೆ. ಕೊನೆಗೆ ಆಫೀಸಿನ ಬೂಟು ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿ, ದೇವರ ಗೂಡಿನ ಮುಂದೆ ನಿಂತು ಕೆಮ್ಮಿದೆ. (ಇದಕ್ಕೆ ಹಿಂದಿನ ದರದಲ್ಲಿ ಕಡಿಮೆಯೆಂದರೆ ಅರ್ಧ ಗಂಟೆಯ ಸಹಸ್ರನಾಮ ಸಿಗಬೇಕಿತ್ತು.) ಪದ್ಮಜಾ ಬೂಟನ್ನು ನೋಡಿದಳು, ನನ್ನನ್ನು ನೋಡಿದಳು, "ಇರಲಿ ಬಿಡಿ" ಎಂದಳು. ಆಮೇಲೆ ಬಟ್ಟೆ ತಂದು ತಾನೇ ನೆಲ ಒರೆಸಿದಳು. ಆ 'ಇರಲಿ ಬಿಡಿ' ಕೇಳಿ ನನಗೆ ನಿಜವಾಗಿ ಅಳು ಬಂತು.

ಕಾರಣ ನನಗೆ ಗೊತ್ತಿತ್ತು. ಪದ್ಮಜಳ ಅಕ್ಕ ಪ್ರಭಾ ಮೈಸೂರಿನಲ್ಲಿ ಹಾಡುಗಾರ್ತಿ. ಅಕ್ಕ ಹಾಡುವುದು, ತಂಗಿ ಪಿಟೀಲು ನುಡಿಸುವುದು. ಲಂಗ ಉಡುವ ವಯಸ್ಸಿನಿಂದ ಹಾಗೇ. ಪಕ್ಕವಾದ್ಯದವಳ ಕೆಲಸವೇನು ಎಂದು ಪದ್ಮಜಾ ನನಗೆ ಮದುವೆಯ ಹೊಸದರಲ್ಲಿ ವಿವರಿಸಿದ್ದಳು: ಅಕ್ಕ ಹೋದ ಕಡೆ ಅರ್ಧ ಹೆಜ್ಜೆ ಹಿಂದೆ ಹೋಗಬೇಕು, ಅಕ್ಕ ಉಸಿರಿಗೆಂದು ನಿಂತಾಗ ಆ ಜಾಗ ಖಾಲಿಯಾಗದಂತೆ ತುಂಬಬೇಕು. ತುಂಬಿದ್ದು ಚೆನ್ನಾಗಿದ್ದರೆ ಪ್ರಭಕ್ಕ ಪಕ್ಕಕ್ಕೆ ತಿರುಗಿ "ಭೇಷ್" ಎನ್ನುತ್ತಿದ್ದರು. ಅಂಥ ಜೋಡಿಯ ಅರ್ಧವನ್ನು ವಿಮಾನ ಹತ್ತಿಸಿ ಅಮೆರಿಕದ ಹೇವರ್ಡಿಗೆ ತಂದವನು ನಾನು.

ಪ್ರಭಕ್ಕ ಅಷ್ಟಕ್ಕೆ ಬಿಡುವವರಲ್ಲ. ಕ್ಯಾಸೆಟ್ಟು ಕಳಿಸಲು ಶುರುಮಾಡಿದರು. ಒಂದು ಸಾಲು ಹಾಡಿ ನಿಲ್ಲಿಸುವರು. ಟೇಪು ಸುಮ್ಮನೆ ಓಡುತ್ತಿರುತ್ತದೆ. ಆ ಖಾಲಿ ಜಾಗ ತಂಗಿಯದು. ಪದ್ಮಜಾ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಜಮಖಾನ ಹಾಸಿ ಕೂತು ಅಷ್ಟು ಹೊತ್ತು ನುಡಿಸುವಳು. ಅದು ಮುಗಿಯುವುದಕ್ಕೂ ಟೇಪಿನೊಳಗಿಂದ ಪ್ರಭಕ್ಕ "ಭೇಷ್ ಪದ್ದು!" ಎನ್ನುವುದಕ್ಕೂ ಸರಿಹೋಗುತ್ತಿತ್ತು. ಇವಳು ಸರಿಯಾಗಿ ನುಡಿಸಿದಳೋ, ತಂತಿ ಕಿತ್ತುಹೋಯಿತೋ, ಹಾಲು ಉಕ್ಕಿ ಒಲೆಯ ಕಡೆ ಓಡಿದ್ದಳೋ, ಒಂದನ್ನೂ ಕೇಳದೆ ಏಳು ಸಮುದ್ರದಾಚೆಯಿಂದ ಮುಂಗಡ ಭೇಷ್! (ಸ್ಯಾನ್ ಮಟಿಯೋದ ನನ್ನ ಮ್ಯಾನೇಜರಿಗೆ ಈ ಗುಣದಲ್ಲಿ ಕಾಲುಭಾಗ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ವೈಸ್ ಪ್ರೆಸಿಡೆಂಟ್.)

ನಮ್ಮ ಮನೆಯ ಭಾನುವಾರಗಳೆಂದರೆ ಹೀಗೆ. ಸಾಲು, ಖಾಲಿ, ಭೇಷ್. ನನಗೆ ಸಂಗೀತದ ಗಂಧವೂ ಇಲ್ಲ. ಆದರೂ ಪಕ್ಕದಲ್ಲಿ ಹುರುಳಿಕಾಯಿ ಹೆಚ್ಚುತ್ತಾ ಕೂತವನ ಬಾಯಿಗೆ ಅದು ಅಂಟಿಕೊಂಡಿತು. ಪ್ರಭಕ್ಕನ ಜೊತೆ ನಾನೂ "ಭೇಷ್" ಎನ್ನುತ್ತಿದ್ದೆ, ಮಗಳು ಮೈಥಿಲಿ ತೊಟ್ಟಿಲಲ್ಲಿದ್ದಾಗಿನಿಂದಲೂ. ಇದನ್ನು ದಯವಿಟ್ಟು ನೆನಪಿಡಿ. ನನ್ನ ಮಾನ ಹರಾಜಾದದ್ದು ಇದರಿಂದಲೇ.

ಅದರ ಹಿಂದಿನ ದಸರೆ ಕಳೆದ ಮೇಲೆ ಟೆಲಿಗ್ರಾಂ ಬಂತು. ಎದೆನೋವು ಎಂದು ಕೂತ ಪ್ರಭಕ್ಕ ಮತ್ತೆ ಏಳಲಿಲ್ಲ. ನಮಗೆ ತಿಳಿಯುವ ಹೊತ್ತಿಗೆ ಅಲ್ಲಿ ಎಲ್ಲವೂ ಮುಗಿದುಹೋಗಿತ್ತು. ಇದಾದ ಮರುವಾರ ಅವರ ಕ್ಯಾಸೆಟ್ಟು ಬಂತು. ಬದುಕಿದ್ದಾಗ ಅಂಚೆಗೆ ಹಾಕಿದ್ದು, ನಿಧಾನಕ್ಕೆ ಬಂದು ತಲುಪಿತು. ಪದ್ಮಜಾ ಆ ಲಕೋಟೆಯನ್ನು ಒಡೆಯಲಿಲ್ಲ. ಪಿಟೀಲಿನ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆ ಮುಚ್ಚಿ, ಬಟ್ಟೆಯ ಕ್ಲಾಸೆಟ್ಟಿನ ಮೇಲಿನ ಹಲಗೆಗೆ ತಳ್ಳಿದಳು. ಆವತ್ತಿನಿಂದ ಶುರುವಾದದ್ದು ಈ 'ಇರಲಿ ಬಿಡಿ'.

ಹೀಗಿರುವಾಗ ಒಂದು ದಿನ ಲಾಂಡ್ರಿಯಲ್ಲಿ ಬಟ್ಟೆ ಒಣಗುವುದನ್ನೇ ನೋಡುತ್ತಾ ಕೂತಿದ್ದ ನನಗೆ ಗೋಡೆಯ ಮೇಲೊಂದು ಚೀಟಿ ಕಂಡಿತು. ಜ್ಞಾನೋದಯ ಎಲ್ಲಿ ಬೇಕಾದರೂ ಆಗಬಹುದು. ಹಾಗೇ ಮನೆಗೆ ಓಡಿದೆ.

"ಪದ್ಮಾ, ಗುಡ್ಡದ ಮೇಲಿನ ಯೂನಿವರ್ಸಿಟೀಲಿ ಸಿಂಫನಿ ಆರ್ಕೆಸ್ಟ್ರಾ ಇದೆಯಂತೆ. ಸ್ಟೂಡೆಂಟ್ಸೇ ಆಗ್ಬೇಕು ಅಂತಿಲ್ಲ, ಊರವರೂ ಸೇರಬಹುದಂತೆ. ಪಿಟೀಲಿನೋರು ಸಾಲ್ತಾ ಇಲ್ಲವಂತೆ ಪಾಪ!"

"ಅದು ಬೇರೆ ಸಂಗೀತ ರೀ."

"ಏನು ಬೇರೆ? ಅದೇ ನಾಲ್ಕು ತಂತಿ, ಅದೇ ಕಮಾನು."

ಹನ್ನೊಂದು ವರ್ಷದ ಮೈಥಿಲಿ ಸ್ಕೂಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವಳು, ಆದ್ದರಿಂದ ಈ ವಿಷಯದಲ್ಲಿ ನಮ್ಮ ಮನೆಯ ವಿದ್ವಾಂಸಳು. ಅವಳು ತಲೆ ಚಚ್ಚಿಕೊಂಡಳು. "ಅಪ್ಪಾ, ಶಿ ಕಾಂಟ್ ಈವನ್ ರೀಡ್ ಮ್ಯೂಸಿಕ್!"

"ನೀನು ಹೇಳ್ಕೊಡು. ಸುಮ್ನೆ ಊಟ ಹಾಕ್ತಿದೀವಾ ನಿಂಗೆ?"

ಪದ್ಮಜಾ ಏನು ಹೇಳಿದಳೆಂದು ನಿಮಗೆ ಗೊತ್ತು. "ಇರಲಿ ಬಿಡಿ." ನಾನು ಅದನ್ನು ಒಪ್ಪಿಗೆ ಎಂದು ಹಿಡಿದುಕೊಂಡೆ. ಆ ದಿನಗಳಲ್ಲಿ ಅವಳು ಹಾಗೇ ಇದ್ದಳು, ಏಳು ಎಂದರೆ ಎದ್ದಳು, ಕಾರು ಹತ್ತು ಎಂದರೆ ಹತ್ತಿದಳು.

ಸೇರಲು ಬಂದವರ ಪರೀಕ್ಷೆ ಮಾಡುವ ಕೋಣೆಯಲ್ಲಿ ಪ್ರೊಫೆಸರ್ ಹ್ಯಾರಿಂಗ್ಟನ್ ಕೂತಿದ್ದರು. ಆರ್ಕೆಸ್ಟ್ರಾದ ಕಂಡಕ್ಟರ್, ಕೋಲು ಬೀಸಿ ಎಲ್ಲರನ್ನೂ ನಡೆಸುವವರು, ಆರಡಿಗೂ ಮೇಲೆ ಎತ್ತರ. ಪದ್ಮಜಾ ಬಾಗಿಲಾಚೆ ಚಪ್ಪಲಿ ಬಿಟ್ಟಳು. ಕುರ್ಚಿ ತೋರಿಸಿದರೆ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಪೆಟ್ಟಿಗೆ ತೆರೆದಾಗ ಮೇಲೇ ಇದ್ದ ಲಕೋಟೆಯನ್ನು ತೆಗೆದು "ಹಿಡ್ಕೊಳಿ" ಎಂದು ನನ್ನ ಕೈಗೆ ಕೊಟ್ಟಳು. ಪಿಟೀಲಿನ ತಲೆಯನ್ನು ಪಾದದ ಮೇಲೆ ಆನಿಸಿ, ಕಣ್ಣು ಮುಚ್ಚಿ, ಕಮಾನು ಎಳೆದಳು. ವರ್ಷವಿಡೀ ಬಾಯಲ್ಲಿ ಬಾರದಿದ್ದದ್ದೆಲ್ಲ ಆ ಆಲಾಪನೆಯಲ್ಲಿ ಬಂತು. ಪ್ರೊಫೆಸರು ಮೊದಲು ಬಗ್ಗಿ ಕೇಳಿದರು, ಆಮೇಲೆ ಆ ಉದ್ದ ಕಾಲುಗಳನ್ನು ಹೇಗೋ ಮಡಚಿಕೊಂಡು ತಾವೂ ನೆಲಕ್ಕೆ ಕೂತರು. ನಾನು ಲಕೋಟೆಯನ್ನು ಎದೆಗೊತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದೆ.

"ನೀವು ನುಡಿಸಿದ್ದು ಏನೆಂದು ನನಗೆ ಗೊತ್ತಿಲ್ಲ" ಎಂದರು ಅವರು ಕೊನೆಗೆ ಇಂಗ್ಲಿಷಿನಲ್ಲಿ. "ಆದರೆ ಅದು ನನ್ನ ಸೆಕೆಂಡ್ ವಯೊಲಿನ್ ಸಾಲಿನಲ್ಲಿ ಬೇಕು. ಕುರ್ಚಿಯ ಮೇಲೆ."

ಮೊದಲ ರಿಹರ್ಸಲ್ಲಿನಲ್ಲೇ ಕಷ್ಟ ಶುರುವಾಯಿತು. ಅಲ್ಲಿ ಎಲ್ಲರೂ ಒಂದೇ ಸ್ವರಕ್ಕೆ ತಂತಿ ಕೂಡಿಸಿಕೊಳ್ಳಬೇಕು. ಪದ್ಮಜಳ ಪಿಟೀಲು ಇನ್ನೂ ಪ್ರಭಕ್ಕನ ಶ್ರುತಿಯಲ್ಲೇ ಇತ್ತು. ಪಕ್ಕದ ಕುರ್ಚಿಯ ಡೊರೊಥಿ, ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದ ಅಜ್ಜಿ, ಸಹಾಯಕ್ಕೆಂದು ಕೈಚಾಚಿದಳು. ಪದ್ಮಜಾ ಪಿಟೀಲನ್ನು ಮಗುವನ್ನು ಅವಚಿಕೊಂಡ ಹಾಗೆ ಅವಚಿಕೊಂಡುಬಿಟ್ಟಳು. ಎಲ್ಲರೂ ಕಾದರು. ಕಡೆಗೆ ತಾನೇ ಬಿರಡೆಗೆ ಕೈಯಿಟ್ಟು ತಿರುಗಿಸಿದಳು.

ಮನೆಗೆ ಬರುವಾಗ ಫ್ರೀವೇಯಲ್ಲಿ, "ಅಕ್ಕನ ಶ್ರುತಿ ತೆಗೆದುಬಿಟ್ಟೆ ರೀ" ಎಂದಳು.

ಮೌನ ಎಂದರೆ ನನಗೆ ಆಗದು. ಯಾರಾದರೂ ಮಾತು ನಿಲ್ಲಿಸಿದರೆ ಸಾಕು, ಆ ಜಾಗಕ್ಕೆ ಏನಾದರೂ ತುರುಕುತ್ತೇನೆ. ಆವತ್ತು ತುರುಕಿದ್ದು, "ಇರಲಿ ಬಿಡು." ಅವಳ ಮಾತನ್ನೇ ಅವಳಿಗೆ ಬಡಿಸಿದ್ದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು, ಅಪಾರ್ಟ್‌ಮೆಂಟು ಬರುವವರೆಗೂ ಈ ಕಡೆ ತಿರುಗಲಿಲ್ಲ.

ಆದರೂ ಪ್ರತಿ ಮಂಗಳವಾರ ಹೋದಳು. ಸಾರಥಿ ನಾನೇ, ಹಿಂದಿನ ಸಾಲಿನಲ್ಲಿ ಪುಳಿಯೋಗರೆ ಡಬ್ಬಿಯೊಂದಿಗೆ ಕೂತಿರುತ್ತಿದ್ದೆ. ಎಲ್ಲರ ಕಮಾನೂ ಮೇಲೆ ಹೋದರೆ ಇವಳದು ಒನ್‌ವೇ ರಸ್ತೆಯಲ್ಲಿ ಎದುರಿಗೆ ಬಂದ ಕಾರಿನಂತೆ ಕೆಳಗೆ ಬರುತ್ತಿತ್ತು. ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಒಂದು ದಿನ ಗುಡಿಸುವವನು ಕಳೆದುಹೋದ ವಸ್ತುಗಳ ಪೆಟ್ಟಿಗೆಗೆ ಹಾಕಿ ಬೀಗ ಹಾಕಿಕೊಂಡು ಹೋದ; ನಾನು ಹೆಂಡತಿಯನ್ನು ಬರಿಗಾಲಲ್ಲಿ ಮನೆಗೆ ಕರೆತಂದೆ. ಇಬ್ಬರಿಗೆ ಒಂದೇ ಪುಸ್ತಕ. ಡೊರೊಥಿ ನಾಲಿಗೆಗೆ ಬೆರಳು ಮುಟ್ಟಿಸಿ ಹಾಳೆ ಮಗುಚುವಳು. ಎಂಜಲು! ಸರಸ್ವತಿಗೆ ಎಂಜಲು! ಪದ್ಮಜಾ ಒಂದು ಸ್ಪಂಜನ್ನು ಪುಟ್ಟ ಬಟ್ಟಲಲ್ಲಿ ನೆನೆಸಿ ತಂದು ಸ್ಟ್ಯಾಂಡಿನ ಮೇಲಿಟ್ಟಳು. ಡೊರೊಥಿ ಅದನ್ನು ಭಾರತದ ಯಾವುದೋ ಪೂಜಾಸಾಮಗ್ರಿ ಎಂದು ತಿಳಿದು ಪ್ರತಿ ವಾರವೂ ಅದಕ್ಕೆ ತಲೆಬಾಗಿ ನಮಸ್ಕಾರ ಮಾಡಿದಳು.

ಮೈಥಿಲಿ ಪ್ರತಿ ಸ್ವರದ ಕೆಳಗೂ ಪೆನ್ಸಿಲಿನಲ್ಲಿ ಸರಿಗಮ ಬರೆಯಲು ಅಮ್ಮನಿಗೆ ಸಹಾಯ ಮಾಡಿದಳು. ಒಂದೊಂದು ಸ್ವರವನ್ನೂ ಅಲ್ಲಾಡಿಸದೆ ನೆಟ್ಟಗೆ ಹಿಡಿಯಬೇಕು ಎಂದು ಪ್ರೊಫೆಸರು ಹೇಳಿದರು. "ಅಲ್ಲಾಡದಿದ್ರೆ ಅದಕ್ಕೆ ಜೀವ ಇದೆ ಅಂತ ಹೇಗೆ ಗೊತ್ತಾಗತ್ತೆ ರೀ?" ಎಂದು ಪದ್ಮಜಾ ನನ್ನನ್ನು ಕೇಳಿದಳು. ಪ್ರಶ್ನೆಯಲ್ಲಿ ಚೂರು ಸಿಡುಕಿತ್ತು. ಸಿಡುಕು! ನಾನು ಮನಸ್ಸಿನಲ್ಲೇ ತೆಂಗಿನಕಾಯಿ ಒಡೆದೆ.

ಆಮೇಲೆ ಬಂತು ಆ ಜಾಗ. ಕಾನ್ಸರ್ಟಿಗೆ ಇಟ್ಟುಕೊಂಡಿದ್ದ ಸಿಂಫನಿಯ ಕೊನೆಯ ಭಾಗದಲ್ಲಿ ಎಂಬತ್ತು ಜನವೂ ಸೇರಿ ಗುಡುಗಿ ಸಿಡಿಲಾಗಿ, ಥಟ್ಟನೆ ನಿಲ್ಲಬೇಕು. ಒಂದು ದೀರ್ಘ ಉಸಿರಿನಷ್ಟು ಹೊತ್ತು ಯಾರೂ ಮಿಸುಕಬಾರದು. ಅದಾದ ಮೇಲೆ ಮೆಲ್ಲನೆ ಮುಂದಿನದು. ಅವತ್ತು ಮೊದಲ ಸಲ ನುಡಿಸುತ್ತಿದ್ದರು. ಗುಡುಗಿದರು, ನಿಂತರು. ಆ ಮೌನದೊಳಗೆ ಸೆಕೆಂಡ್ ವಯೊಲಿನ್ನಿನ ಕಡೆಯ ಸಾಲಿನಿಂದ ಒಂಟಿ ಪಿಟೀಲು ಎದ್ದಿತು. ಗಮಕಗಳನ್ನೆಲ್ಲ ಕೂಡಿಸಿಕೊಂಡು, ಬಳುಕಿ, ಇಳಿದು, ಅಚ್ಚುಕಟ್ಟಾಗಿ ಷಡ್ಜಕ್ಕೆ ಬಂದು ಕೂತಿತು. ಪ್ರೊಫೆಸರ ಕೋಲು ಗಾಳಿಯಲ್ಲೇ ನಿಂತಿತ್ತು.

"ಯಾರದು?" ಎಂದರು.

ಪದ್ಮಜಾ ಸ್ಕೂಲಿನ ಹುಡುಗಿಯಂತೆ ಕೈಯೆತ್ತಿದಳು. ತನಗೆ ಬರುವ ಇಂಗ್ಲಿಷಿನಲ್ಲಿ, "ಎಲ್ಲರೂ ನಿಂತುಬಿಟ್ಟಿರಿ. ಯಾರಿಗೋ ಏನೋ ಆಯಿತೆಂದುಕೊಂಡೆ. ಅದಕ್ಕೇ ನಾನು ನೋಡಿಕೊಂಡೆ" ಎಂದಳು.

ಎಲ್ಲರೂ ನಕ್ಕರು, ಕೆಟ್ಟದಾಗಿ ಅಲ್ಲ. ಪ್ರೊಫೆಸರು ಅಲ್ಲಿ ಏನೂ ಇಲ್ಲದಿರುವುದೇ ಸಂಗೀತ ಎಂದು ತಾಳ್ಮೆಯಿಂದ ತಿಳಿಸಿದರು. ಅವಳು ತಲೆಯಾಡಿಸಿದಳು. ಮುಂದಿನ ವಾರ ಮತ್ತೆ ಗುಡುಗಿದರು, ನಿಂತರು, ಅವಳು ತುಂಬಿದಳು. ಅದರ ಮುಂದಿನ ವಾರವೂ. ಅವಳು ಬೇಕೆಂದು ಮಾಡುತ್ತಿರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು, ಆಮೇಲೆ ಮುಖ ಕೆಂಪಾಗುತ್ತಿತ್ತು.

ಪ್ರೊಫೆಸರು ನನ್ನನ್ನು ವರಾಂಡಕ್ಕೆ ಕರೆದರು. ಕಾನ್ಸರ್ಟಿಗೆ ಇನ್ನು ಎರಡೇ ವಾರ, ಆ ಹೊತ್ತಿಗೆ ಸರಿಹೋಗದಿದ್ದರೆ ನಿಮ್ಮ ಹೆಂಡತಿಯನ್ನು ಕೂರಿಸಲಾಗುವುದಿಲ್ಲ, ನನಗೂ ಬೇಸರವೇ, ಎಂದರು. ಒಳ್ಳೆಯ ಮನುಷ್ಯ. ನಾನು ಹಿಂದೆಮುಂದೆ ನೋಡಿ, ಮಾತಿಗೆ ಎಣ್ಣೆ ಸವರಿ ಪದ್ಮಜಳಿಗೆ ತಿಳಿಸಿದೆ.

"ಹಾಗಾದ್ರೆ ಬಿಟ್ಟುಬಿಡೋಣ ರೀ" ಎಂದಳು. ಪಿಟೀಲನ್ನು ಪೆಟ್ಟಿಗೆಗಿಟ್ಟು ಕ್ಲಾಸೆಟ್ಟಿನ ಕಡೆ ನೋಡಿದಳು. "ಇರಲಿ ಬಿಡಿ."

ಆ ಪೆಟ್ಟಿಗೆ ಇನ್ನೊಮ್ಮೆ ಮೇಲೆ ಹೋದರೆ ಕೆಳಗೆ ಬರುವುದಿಲ್ಲವೆಂದು ನನಗೆ ಖಂಡಿತವಾಗಿ ಗೊತ್ತಿತ್ತು. ಅದರ ಜೊತೆ ಅವಳೂ ಮೇಲೆ ಹೋಗಿ ಕೂತುಬಿಡುತ್ತಾಳೆ, ನಾನು ಸಾಯುವವರೆಗೂ ಒದ್ದೆ ಟವಲ್ಲು ಎಸೆಯುತ್ತಾ ಇರಬೇಕಾಗುತ್ತದೆ. ಕ್ಲಾಸೆಟ್ಟಿಗೆ ಅಡ್ಡ ನಿಂತೆ.

"ತರಬೇತಿ!" ಎಂದೆ. "ಇವತ್ತಿಂದ ಈ ಮನೇಲಿ ಮೌನದ ತರಬೇತಿ!"

"ಅಪ್ಪಾ, ಯೂ ಆರ್ ಗೋಯಿಂಗ್ ಟು ಟೀಚ್ ಸೈಲೆನ್ಸ್?" ಎಂದಳು ಮೈಥಿಲಿ. ಈ ಮಕ್ಕಳಿಗೆ ಹೆತ್ತವರ ಮೇಲೆ ಗೌರವವಿಲ್ಲ.

ಮೈಥಿಲಿ ಚಪ್ಪಾಳೆಯಲ್ಲಿ ಲೆಕ್ಕ ಹಾಕುವುದು, ನಾನು ಬಾಯಲ್ಲೇ ಎಂಬತ್ತು ವಾದ್ಯ ನುಡಿಸುವುದು. ತುತ್ತೂರಿ, ನಗಾರಿ, ಕೊಳಲು, ಎಲ್ಲವೂ ನಾನೇ. ಕೆಳಗಿನ ಮನೆಯವರು ಸೂರಿಗೆ ಪೊರಕೆ ಕುಟ್ಟಿದರೆ ಅದನ್ನೂ ತಾಳಕ್ಕೆ ಸೇರಿಸಿಕೊಂಡೆ. ಗುಡುಗಿ ನಿಲ್ಲುತ್ತಿದ್ದೆ. ಅವಳ ಕಮಾನು ಹೊರಡುತ್ತಿತ್ತು. "ಪದ್ಮಾ, ಖಾಲಿ!" ಎಂದು ಕಿರುಚುತ್ತಿದ್ದೆ. ಮತ್ತೆ ಗುಡುಗು. ಮತ್ತೆ ಕಮಾನು. ವಾರವಿಡೀ ಹೀಗೇ ಆಗಿ, ನನ್ನ ಗಂಟಲು ಕಟ್ಟಿ, ಒಂದು ಸಂಜೆ ನಾನು ಅವಳ ಕೈಯಿಂದ ಕಮಾನನ್ನೇ ಕಿತ್ತುಕೊಂಡೆ.

"ಅಷ್ಟೂ ಆಗಲ್ವಾ? ಒಂದು ಉಸಿರಿನಷ್ಟು ಹೊತ್ತು ಸುಮ್ನಿರಕ್ಕೆ ಏನು ಕಷ್ಟ ನಿಂಗೆ?"

ಅವಳು ಬರಿಗೈ ನೋಡಿಕೊಂಡಳು. "ನಾನು ಬಿಟ್ಟುಬಿಟ್ರೆ," ಎಂದಳು, "ಅಕ್ಕ ಖಾಲಿಗೆ ಭೇಷ್ ಅಂದ ಹಾಗಾಗತ್ತೆ ರೀ. ಅಲ್ಲಿ ಯಾರೂ ಇಲ್ಲದೆ. ಅವಳಿಗೆ ಗೊತ್ತೂ ಆಗಲ್ಲ. ಅವಳು ಪಾಪ, ಭೇಷ್ ಪದ್ದು ಅಂತಾನೇ ಇರ್ತಾಳೆ."

ಮೈಥಿಲಿಯ ಚಪ್ಪಾಳೆ ನಿಂತಿತು. ನಾನು ಕಮಾನನ್ನು ಹಿಂದಕ್ಕೆ ಕೊಟ್ಟೆ.

ಆ ಮಂಗಳವಾರದ ರಿಹರ್ಸಲ್ಲಿನಲ್ಲಿ ಅವಳು ಕಮಾನನ್ನು ತಂತಿಯಿಂದ ಎತ್ತಿ ಹಿಡಿದಳು. ನುಡಿಸಲಿಲ್ಲ. ಡೊರೊಥಿ ಮೆಲ್ಲಗೆ ಅವಳ ಮಂಡಿ ತಟ್ಟಿದಳು. ಪ್ರೊಫೆಸರು ದೂರದಿಂದಲೇ ನನಗೆ ಹೆಬ್ಬೆರಳು ಎತ್ತಿ ತೋರಿಸಿದರು.

ಕಾನ್ಸರ್ಟು ಭಾನುವಾರ ಮಧ್ಯಾಹ್ನ. ಎಲ್ಲರೂ ಕಪ್ಪು ಉಡುಪಿನಲ್ಲೇ ಬರಬೇಕಂತೆ. ನಮ್ಮಲ್ಲಿ ಕಪ್ಪು ಸೀರೆ ಎಲ್ಲಿಂದ ಬರಬೇಕು? ಆನಂದತೀರ್ಥನ ಹೆಂಡತಿ ಸತ್ಯವತಿ ತನ್ನದೊಂದನ್ನು ಕೊಟ್ಟಳು. ಅದನ್ನುಟ್ಟು ಕನ್ನಡಿಯ ಮುಂದೆ ನಿಂತ ಪದ್ಮಜಾ, "ಅಕ್ಕ ನೋಡಿದ್ರೆ ಬಯ್ಯೋಳು" ಎಂದಳು. ವರ್ಷದಲ್ಲಿ ಮೊದಲ ಸಲ ಅವಳು ಅಳುಮುಖವಿಲ್ಲದೆ ಅಕ್ಕನ ಮಾತೆತ್ತಿದ್ದು. ಕಾರಿನ ಬೀಗದಕೈ ಹುಡುಕುವ ನೆಪದಲ್ಲಿ ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಸಭಾಂಗಣ ತುಂಬಿತ್ತು. ನಾನು, ಮೈಥಿಲಿ ನಡುವಿನ ಸಾಲಿನಲ್ಲಿ ಕೂತೆವು. ಸಿಂಫನಿ ಎಷ್ಟು ಹೊತ್ತು ನಡೆಯಿತು, ಎಲ್ಲಿ ಏನಾಯಿತು, ನನ್ನನ್ನು ಕೇಳಬೇಡಿ. ನಾನು ನೋಡುತ್ತಿದ್ದದ್ದು ಕಡೆಯ ಸಾಲಿನ ಒಂದು ಕಮಾನನ್ನು ಮಾತ್ರ. ಅದು ಎಲ್ಲರ ಜೊತೆ ಮೇಲೆ ಹೋಗುತ್ತಿತ್ತು, ಎಲ್ಲರ ಜೊತೆ ಕೆಳಗೆ ಬರುತ್ತಿತ್ತು. ಗುಡುಗು ಶುರುವಾಯಿತು. ಮೈಥಿಲಿ ನನ್ನ ತೋಳು ಹಿಡಿದುಕೊಂಡಳು. ಸಿಡಿಲು ಬಡಿಯಿತು, ನಿಂತಿತು.

ಮೌನ.

ಕಮಾನು ತಂತಿಯಿಂದ ಮೇಲೆ ಇತ್ತು. ಅವಳ ಎಡಗೈ ಬೆರಳುಗಳು ಮಾತ್ರ ತಂತಿಯ ಮೇಲೆ ಸದ್ದಿಲ್ಲದೆ ಆಡುತ್ತಿದ್ದವು. ತುಂಬಬೇಕಾದ್ದನ್ನೆಲ್ಲ ಬೆರಳಲ್ಲೇ ತುಂಬಿ, ಇಳಿದು, ಷಡ್ಜಕ್ಕೆ ಬಂದು ನಿಂತವು. ಒಂದಿಷ್ಟೂ ಸದ್ದು ಬರಲಿಲ್ಲ. ಗೆದ್ದಳು.

"ಭೇಷ್!"

ಇಷ್ಟು ದೊಡ್ಡದಾಗಿ, ಇಷ್ಟು ಸ್ಪಷ್ಟವಾಗಿ, ಕೆಟ್ಟ ಗಂಟಲಲ್ಲಿ ಹಾಗೆ ಕಿರುಚಿದ ಅನಾಗರಿಕ ಯಾರೆಂದು ಎಲ್ಲರಂತೆ ನಾನೂ ಸುತ್ತ ನೋಡಿದೆ. ಮೈಥಿಲಿ ನನ್ನ ತೋಳು ಬಿಟ್ಟು, ಕುರ್ಚಿಯಿಂದ ನಿಧಾನವಾಗಿ ಜಾರಿ ನೆಲದ ಮೇಲೆ ಕಾಣೆಯಾದಳು. ಆಗ ತಿಳಿಯಿತು. ದೇವರಾಣೆ ಹೇಳುತ್ತೇನೆ, ನಾನು ಅನ್ನಲಿಲ್ಲ. ಇಷ್ಟು ವರ್ಷದ ಭಾನುವಾರಗಳು ಅಂದವು. ಸಾಲು ಬಂತು, ಖಾಲಿ ಬಂತು, ಮುಂದಿನದು ಬಾಯಿಂದ ತಾನಾಗಿ ಬಿ‌ದ್ದುಹೋಯಿತು.

ಪ್ರೊಫೆಸರ ಹೆಗಲು ಒಮ್ಮೆ ಕುಗ್ಗಿತು. ಡೊರೊಥಿ ತುಟಿ ಕಚ್ಚಿಕೊಂಡಳು. ಪದ್ಮಜಾ ತಲೆಯೆತ್ತಿ, ಅಷ್ಟು ಜನರ ಮಧ್ಯೆ ನೇರವಾಗಿ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಕೋಪವೋ ಅಳುವೋ ನನಗೆ ಅಷ್ಟು ದೂರದಿಂದ ತಿಳಿಯಲಿಲ್ಲ. ಕೋಲು ಇಳಿಯಿತು, ಸಂಗೀತ ಮುಂದೆ ಹೋಯಿತು.

ಮುಗಿದ ಮೇಲೆ ಬಾಗಿಲಲ್ಲಿ ಪ್ರೊಫೆಸರು ಇವಳ ಕೈಕುಲುಕಿ, ಮುಂದಿನ ಸಲವೂ ನೀವು ಬರಲೇಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಕ್ಯಾಂಪಸ್ಸು ನಡೆದಾಡಲು ಬಹಳ ಚೆನ್ನಾಗಿದೆ, ಕಾನ್ಸರ್ಟಿನ ಹೊತ್ತಿಗೆ ಅಂತೂ ಜನವೇ ಇರುವುದಿಲ್ಲ, ಎಂದು ವಿನಯದಿಂದ ಹೇಳಿದರು.

"ಐಯಾಮ್ ಚೇಂಜಿಂಗ್ ಮೈ ಲಾಸ್ಟ್ ನೇಮ್" ಎಂದು ಕಾರಿನ ಹಿಂದಿನ ಸೀಟಿನಿಂದ ಒಮ್ಮೆ ಕೇಳಿಸಿತು, ಅಷ್ಟೇ. ಮನೆಗೆ ಬಂದು ನಾನು ಬೂಟನ್ನು ಬಾಗಿಲಾಚೆಯೇ ಬಿಟ್ಟು, ಜೋಡಿಸಿಟ್ಟು, ಬೆಕ್ಕಿನಂತೆ ಒಳಗೆ ಬಂದೆ. ಪದ್ಮಜಾ ಸೀರೆಯನ್ನೂ ಬದಲಾಯಿಸದೆ ಜಮಖಾನ ಹಾಸುತ್ತಿದ್ದಳು. ಪಿಟೀಲು ತೆಗೆದಳು. ಬಿರಡೆ ತಿರುಗುವ ಕಿರ್ರೆನ್ನುವ ಸದ್ದು ಕೇಳಿತು. ತಂತಿಗಳು ಒಂದೊಂದಾಗಿ ಹಳೆಯ ಜಾಗಕ್ಕೆ ಬಂದವು. ಆಮೇಲೆ ಪೆಟ್ಟಿಗೆಯಿಂದ ಆ ಲಕೋಟೆಯನ್ನು ತೆಗೆದು ಒಡೆದಳು.

ನಾನು ಸದ್ದಿಲ್ಲದೆ ಸೋಫಾದ ತುದಿಯಲ್ಲಿ ಕೂತೆ.

"ನೀವು ಹೊರಗೆ ಹೋಗಿ" ಎಂದಳು.

"ನಾನಾ? ಯಾಕೆ?"

"ಇಲ್ಲಿ ಭೇಷ್ ಅನ್ನಕ್ಕೆ ಅಕ್ಕ ಇದಾಳೆ."

ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡೆ. ಬಿಸಿಲು ಇನ್ನೂ ಇತ್ತು. ಒಳಗೆ ಟೇಪು ಹೊರಟಿತು. "ಪದ್ದು, ಶ್ರುತಿ ನೋಡ್ಕೊಂಡ್ಯೇನೇ?" ಎಂದು ಪ್ರಭಕ್ಕ ಕೇಳಿದರು, ಪಕ್ಕದ ಕೋಣೆಯಲ್ಲಿ ಇದ್ದವರ ಹಾಗೆ. ಒಂದು ಸಾಲು ಹಾಡಿದರು. ನಿಂತರು. ಪಿಟೀಲು ತುಂಬಿತು. "ಭೇಷ್ ಪದ್ದು!" ನಾನು ಕರ್ಚೀಫನ್ನು ಬಾಯಿಗೆ ತುರುಕಿಕೊಂಡೆ. ಸಾಲು, ಪಿಟೀಲು, ಭೇಷ್. ಸಾಲು, ಪಿಟೀಲು, ಭೇಷ್. ಹಾಗೇ ಹೋಗುತ್ತಾ ಒಂದು ಕಡೆ ಪ್ರಭಕ್ಕ ಮೇಲಿನ ಸ್ಥಾಯಿಗೆ ಏರಿ ನಿಂತರು. ಪಿಟೀಲು ಹೊರಟಿತು. ಅದರ ನಡುವೆ 'ಟಕ್' ಎಂದಿತು. ಟೇಪಿನ ಆ ಬದಿ ಮುಗಿದಿತ್ತು. ಪದ್ಮಜಾ ನಿಲ್ಲಿಸಲಿಲ್ಲ. ನುಡಿಸುತ್ತಾ ಇಳಿದು ಬಂದು, ಮುಗಿಸಿದಳು.

ಭೇಷ್ ಬರಲಿಲ್ಲ. ನಾನು ಕಾದೆ. ಅವಳೂ ಕಾಯುತ್ತಿದ್ದಿರಬೇಕು.

"ರೀ!"

ಗಾಜಿನ ಬಾಗಿಲು ದಡಾರನೆ ಪಕ್ಕಕ್ಕೆ ಸರಿಯಿತು. "ಏನ್ರೀ, ಸುಮ್ನೆ ನಿಂತಿದೀರಾ ಕಂಬದ ಹಾಗೆ? ಅಲ್ಲಿ ಊರ ಮುಂದೆ ಬಾಯಿ ಬಿಟ್ರಲ್ಲ, ಇಲ್ಲಿ ಬಿಡೋಕೆ ಏನು ರೋಗ? ನಾನು ನುಡಿಸದೆ ಇದ್ದಾಗ ಭೇಷು, ನುಡಿಸಿದಾಗ ಬಾಯಿಗೆ ಬಟ್ಟೆ! ಯಾವತ್ತಾದ್ರೂ ಒಂದು ಕೆಲಸ ಸರಿಯಾದ ಹೊತ್ತಿಗೆ ಮಾಡಿದೀರಾ ಈ ಜನ್ಮದಲ್ಲಿ? ಬೂಟು ಹಾಕ್ಕೊಂಡು ಅಡುಗೆಮನೆಗೆ ಬರ್ತೀರಿ, ಚೆಂಡಿನಷ್ಟು ದಪ್ಪ ಬದನೆಕಾಯಿ ತರ್ತೀರಿ, ಏನಂದ್ಕೊಂಡಿದೀರಾ, ನಂಗೆ ಕಣ್ಣು ಕಾಣಲ್ಲ ಅಂತಾನಾ?"

ವರ್ಷದ ಬಾಕಿಯೆಲ್ಲ ಒಟ್ಟಿಗೆ ಬರುತ್ತಿತ್ತು. ಬಯಸಿ ಬಯಸಿ ಸಿಕ್ಕಿದ್ದು. ಅವಳ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ನಾನು ಕರ್ಚೀಫು ತೆಗೆದೆ. ಒಂದೇ ಒಂದು ಮಾತು, ಎಷ್ಟು ವರ್ಷ ಹುರುಳಿಕಾಯಿ ಹೆಚ್ಚುತ್ತಾ ಅಂದ ಮಾತು. ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಇನ್ನೊಮ್ಮೆ ತೆರೆದೆ. ಅದೂ ಆಗಲಿಲ್ಲ.

ಅವಳು ನನ್ನ ಮುಖ ನೋಡಿ ಬೈಯುವುದನ್ನು ನಿಲ್ಲಿಸಿದಳು. "ಒಳಗೆ ಬನ್ನಿ" ಎಂದಳು. "ಇನ್ನೊಂದು ಬದಿ ಇದೆ."

ಮೈಥಿಲಿಯೂ ತನ್ನ ಕೋಣೆಯಿಂದ ಬಂದು ಜಮಖಾನದ ಅಂಚಿನಲ್ಲಿ ಕೂತಳು. ಪದ್ಮಜಾ ಕ್ಯಾಸೆಟ್ಟು ಮಗುಚಿ ಹಾಕಿ, ಕಮಾನನ್ನು ತಂತಿಗೆ ತಾಗಿಸಿ ಕಾದಳು. ಟೇಪು ಓಡಿತು. ಸುಯ್ ಎನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಪ್ರಭಕ್ಕ ಒಂದೇ ಬದಿ ಹಾಡಿ ಕಳಿಸಿದ್ದರು, ಆತುರವಿತ್ತೋ, ಆಯಾಸವಿತ್ತೋ. ಈಗ ಬರಬಹುದು, ಈಗ ಬರಬಹುದು ಎಂದು ಪದ್ಮಜಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಮಾನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಿಲ್ಲಿಸುವ ಗುಂಡಿಯನ್ನು ಯಾರೂ ಒತ್ತಲಿಲ್ಲ. ಪ್ರಭಕ್ಕ ತಂಗಿಗೆ ಬಿಟ್ಟ ಖಾಲಿಗಳಲ್ಲೆಲ್ಲ ಇದೇ ದೊಡ್ಡದು. ಮೂವರೂ ಅದನ್ನು ಕೊನೆಯವರೆಗೆ ಕೂತು ಕೇಳಿದೆವು. ಅವಳು ನುಡಿಸಲಿಲ್ಲ. ನಾನು, ಇದನ್ನು ನೀವು ನಂಬಬೇಕು, ಒಂದು ಮಾತೂ ಆಡಲಿಲ್ಲ.

'ಟಕ್' ಎಂದಿತು. ಪದ್ಮಜಾ ಸತ್ಯವತಿಯ ಸೀರೆಯ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಮೂಗು ಏರಿಸಿ, ನನ್ನ ಕಡೆ ತಿರುಗಿದಳು.

"ಬೆಳಿಗ್ಗೆ ಎಸೆದ ಟವಲ್ಲು ಇನ್ನೂ ಹಾಸಿಗೆ ಮೇಲೇ ಇದೆಯಲ್ಲ, ಅದನ್ನ ಯಾರು ಬಂದು ಎತ್ತಬೇಕು ರೀ? ನಿಮ್ಮ ಮ್ಯಾನೇಜರಾ?"

ನಾನು ಎದ್ದು ಹೋಗಿ ಟವಲ್ಲು ಎತ್ತಿದೆ.